ಗೋಡೆ ಮುಚ್ಚುವ ಮೊದಲು ಪೈಪು ಹಾಕಿಸಿ

ಟೆಕ್ಸಸ್ ರಾಜಧಾನಿ ಆಸ್ಟಿನ್‌ನ ವಾಯವ್ಯಕ್ಕಿರುವ ಲಿಯಾಂಡರ್, 2010ರ ಜನಗಣತಿಯಲ್ಲಿ 26,521 ಜನರಿದ್ದ ಊರು. 2020ರ ಹೊತ್ತಿಗೆ ಆ ಸಂಖ್ಯೆ 59,202ಕ್ಕೆ ಏರಿತ್ತು. 2018–19ರ ಒಂದೇ ವರ್ಷದಲ್ಲಿ ಶೇ 12ರಷ್ಟು ಬೆಳೆದು, ಐವತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಅಮೆರಿಕದ ನಗರಗಳ ಪೈಕಿ ಅತಿವೇಗದ್ದು ಎನಿಸಿಕೊಂಡಿತು. ಇಷ್ಟು ಬೆಳವಣಿಗೆ ಎಂದರೆ ಬೀದಿಗಟ್ಟಲೆ ಹೊಸ ಮನೆಗಳು. ಆಸ್ಟಿನ್ ಸುತ್ತಲ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವ ಕನ್ನಡ ಕುಟುಂಬಗಳೂ ಆ ಮನೆಗಳಿಗೆ ಮುಂಗಡ ಕೊಟ್ಟು ಕಾಯುತ್ತವೆ. ಬಿಲ್ಡರ್ ಕಚೇರಿಯಲ್ಲಿ ಗ್ರಾನೈಟ್ ಯಾವ ಬಣ್ಣ, ನೆಲಕ್ಕೆ ಯಾವ ಟೈಲ್ಸ್, ದೇವರ ಮನೆಗೆ ಎಷ್ಟು ಜಾಗ ಎಂದು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಟಿವಿ ಪಾಯಿಂಟ್ ಎಲ್ಲೆಲ್ಲಿ ಬೇಕು ಎಂಬ ಪ್ರಶ್ನೆಗೆ ಮಾತ್ರ ‘ಹಾಲ್‌ಗೊಂದು, ಮಾಸ್ಟರ್ ಬೆಡ್‌ರೂಮಿಗೊಂದು’ ಎಂದು ಎರಡೇ ಮಾತಿನಲ್ಲಿ ಉತ್ತರ ಮುಗಿಯುತ್ತದೆ. ಗ್ರಾನೈಟನ್ನು ಹತ್ತು ವರ್ಷ ಬಿಟ್ಟೂ ಬದಲಿಸಬಹುದು. ಗೋಡೆಯೊಳಗಿನ ಕೇಬಲ್ಲನ್ನು ಅಷ್ಟು ಸುಲಭವಾಗಿ ಬದಲಿಸಲಾಗದು. ಆದ್ದರಿಂದ ಹೊಸ ಮನೆಯ ಪ್ರತಿ ಟಿವಿ ಪಾಯಿಂಟ್‌ಗೂ ಒಂದೇ ಕೇಂದ್ರದಿಂದ ಪ್ರತ್ಯೇಕ ಕೇಬಲ್ ಎಳೆಸಬೇಕು, ಮುಖ್ಯ ಜಾಗಗಳಲ್ಲಾದರೂ ಅದು ಪೈಪಿನೊಳಗೆ ಹೋಗಬೇಕು. ಮುಂದೆ ಉಪಗ್ರಹ ಟಿವಿ ಹಾಕಿಸದಿದ್ದರೂ ಲೆಕ್ಕ ಹಾಕುವಾಗ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಈ ಮಾತು ಕರ್ನಾಟಕದಲ್ಲಿ ಮನೆ ಕಟ್ಟಿಸಿದವರಿಗೆ ಹೊಸದಲ್ಲ. ಇಟ್ಟಿಗೆ ಗೋಡೆಯನ್ನು ಕೊರೆದು, ಪಿವಿಸಿ ಪೈಪು ಹುದುಗಿಸಿ, ಮೇಲೆ ಪ್ಲಾಸ್ಟರಿಂಗ್ ಮಾಡುವುದು ನಮ್ಮಲ್ಲಿ ರೂಢಿ. ವೈರು ಸುಟ್ಟರೆ ಹಳೆಯದನ್ನು ಎಳೆದು ಅದರ ಬಾಲಕ್ಕೆ ಕಟ್ಟಿ ಹೊಸದನ್ನು ತೂರಿಸುತ್ತಾರೆ, ಗೋಡೆಗೆ ಕೈ ಹಚ್ಚುವುದಿಲ್ಲ. ಲಿಯಾಂಡರ್‌ನ ಮನೆಯ ಕಥೆ ಬೇರೆ. ಕಾಂಕ್ರೀಟ್ ಹಾಸಿನ ಮೇಲೆ ಮರದ ಚೌಕಟ್ಟು, 16 ಇಂಚಿಗೊಂದರಂತೆ ನಿಂತ ಮರದ ಪಟ್ಟಿಗಳು, ಅದರ ಮೇಲೆ ಶೀಟ್‌ರಾಕ್ ಎಂಬ ಜಿಪ್ಸಮ್ ಹಲಗೆ. ಕೇಬಲ್ಲನ್ನು ಆ ಪಟ್ಟಿಗಳಿಗೆ ನೇರವಾಗಿ ಕ್ಲಿಪ್ಪು ಹೊಡೆದು ಬಿಗಿದು, ಹೊರಗೋಡೆಯಾದರೆ ಉಷ್ಣನಿರೋಧಕ ತುಂಬಿ, ಹಲಗೆ ಮುಚ್ಚಿಬಿಡುತ್ತಾರೆ. ಅಲ್ಲಿಗೆ ಆ ಕೇಬಲ್ ಕದಲುವುದಿಲ್ಲ. ಈ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುವುದಿಲ್ಲ. ಉಳಿಯುವ ದಾರಿ ಅಟ್ಟ ಒಂದೇ. ಎರಡಂತಸ್ತಿನ ಮನೆಯ ಕೆಳಗಿನ ಕೋಣೆಗೆ ಅಟ್ಟದಿಂದ ಹೊಸ ಕೇಬಲ್ ಇಳಿಸಬೇಕೆಂದರೆ ಮಹಡಿಯ ಗೋಡೆ, ನಡುವಿನ ತೊಲೆ, ಕೆಳಗಿನ ಗೋಡೆ ಮೂರನ್ನೂ ದಾಟಬೇಕು. ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ-ಅಮ್ಮ ಮೆಟ್ಟಿಲು ಹತ್ತುವುದು ಬೇಡವೆಂದು ಕೊಡುವುದು ಆ ಕೆಳಗಿನ ಕೋಣೆಯನ್ನೇ. ಟಿವಿ ಪಾಯಿಂಟ್‌ಗಳ ಮೊದಲ ಪಟ್ಟಿಯಲ್ಲಿ ಮರೆತುಹೋಗುವುದೂ ಅದೇ ಕೋಣೆ.

ಉಪಗ್ರಹ ಟಿವಿಯನ್ನೇ ಅಳತೆಗೋಲು ಮಾಡುವುದಕ್ಕೆ ಕಾರಣವಿದೆ. ಮನೆಯ ತಂತಿಗಳಿಂದ ಅತಿ ಹೆಚ್ಚು ಬೇಡುವುದು ಅದು. ಡಿಶ್‌ಗೆ ಬರುವ ತರಂಗ 12 ಗಿಗಾಹರ್ಟ್ಸ್ ಆಸುಪಾಸಿನದು. ಅದನ್ನು ಹಾಗೆಯೇ ಕೇಬಲ್ಲಿನಲ್ಲಿ ಕಳಿಸಿದರೆ ದಾರಿಯಲ್ಲೇ ಕರಗುತ್ತದೆ. ಹಾಗಾಗಿ ಡಿಶ್‌ನ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿ ಅದನ್ನು 950ರಿಂದ 2150 ಮೆಗಾಹರ್ಟ್ಸ್ ಮಟ್ಟಕ್ಕೆ ಇಳಿಸಿ ಒಳಗೆ ಕಳಿಸುತ್ತದೆ. ಅಲ್ಲಿಯೂ, 2150ರ ತುದಿಯಲ್ಲಿ, ಒಳ್ಳೆಯ ಆರ್‌ಜಿ-6 ಕೋಆಕ್ಸಿಯಲ್ ಕೇಬಲ್ 100 ಅಡಿಗೆ ಸುಮಾರು 10 ಡೆಸಿಬೆಲ್ ನುಂಗುತ್ತದೆ. ಅಂದರೆ ಹೊರಟ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಇನ್ನೊಂದು ತುದಿ ಮುಟ್ಟುತ್ತದೆ. ಹಳೆಯ ಮನೆಗಳಲ್ಲಿರುವ ತೆಳುವಾದ ಆರ್‌ಜಿ-59ರಲ್ಲಿ ನಷ್ಟ ಇನ್ನೂ ಹೆಚ್ಚು. ಎಲ್‌ಎನ್‌ಬಿಗೆ ವಿದ್ಯುತ್ ಹೋಗುವುದೂ ಅದೇ ಕೇಬಲ್ಲಿನ ನಡುವಿನ ತಂತಿಯಲ್ಲಿ. ತಾಮ್ರ ಲೇಪಿಸಿದ ಉಕ್ಕಿನ ತಂತಿಗಿಂತ ಪೂರ್ತಿ ತಾಮ್ರದ ತಂತಿಯಿದ್ದರೆ ಉದ್ದದ ಕೇಬಲ್ಲಿನಲ್ಲಿ ವೋಲ್ಟೇಜ್ ಕುಸಿತ ಕಡಿಮೆ. ಹಳೆಯ ಬಗೆಯ ಡಿಶ್ ವ್ಯವಸ್ಥೆಯಲ್ಲಿ ಸೆಟ್‌ಟಾಪ್ ಬಾಕ್ಸು 13 ವೋಲ್ಟ್ ಕೊಟ್ಟರೆ ಒಂದು ಬಗೆಯ ಧ್ರುವೀಕರಣದ ಚಾನೆಲ್ಲುಗಳು, 18 ಕೊಟ್ಟರೆ ಇನ್ನೊಂದು ಬಗೆಯವು. ಒಂದೇ ಕೇಬಲ್ಲನ್ನು ಸಾದಾ ಸ್ಪ್ಲಿಟರ್‌ನಿಂದ ಕವಲೊಡೆಸಿ ಎರಡು ಬಾಕ್ಸಿಗೆ ಕೊಟ್ಟರೆ ಒಂದು 13 ಕೇಳುತ್ತದೆ, ಇನ್ನೊಂದು 18 ಕೇಳುತ್ತದೆ. ಒಂದು ಪರದೆ ಕಪ್ಪಾಗುತ್ತದೆ. ಕೇಬಲ್ ಟಿವಿಗೆ ನಡೆದ ಉಪಾಯ ಇಲ್ಲಿ ನಡೆಯದಿರುವುದು ಇದಕ್ಕೇ.

ಒಂದು ಕೋಣೆಯ ಪಾಯಿಂಟಿನಿಂದ ಮುಂದಿನ ಕೋಣೆಗೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಸರಪಳಿಯಾಗಿ ಎಳೆದ ವೈರಿಂಗ್‌ನ ದೋಷವೂ ಈ ಲೆಕ್ಕದಲ್ಲೇ ಕಾಣುತ್ತದೆ. ಎರಡು ಕವಲಿನ ಸ್ಪ್ಲಿಟರ್ ದಾಟಿದಾಗಲೆಲ್ಲ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದ ಹಾಗೆ ಕೊನೆಯ ಕೋಣೆಯ ಟಿವಿಗೆ ಸಿಗ್ನಲ್ ಮುಟ್ಟುವುದಿಲ್ಲ. ನಡುವಿನ ಒಂದು ಜೋಡಣೆ ಕೆಟ್ಟರೆ ಮುಂದಿನ ಕೋಣೆಗಳೆಲ್ಲ ಒಟ್ಟಿಗೆ ಕೆಡುತ್ತವೆ, ದೋಷ ಎಲ್ಲಿದೆ ಎಂದು ಹುಡುಕಲು ಎಲ್ಲ ಪಾಯಿಂಟ್ ಬಿಚ್ಚಬೇಕಾಗುತ್ತದೆ. ಪ್ರತಿ ಪಾಯಿಂಟ್‌ನಿಂದಲೂ ಲಾಂಡ್ರಿ ರೂಮ್ ಅಥವಾ ಬಟ್ಟೆ ಕಪಾಟಿನ ಕೋಣೆಯ ಗೋಡೆಪೆಟ್ಟಿಗೆಗೆ ನೇರವಾಗಿ ಒಂದೊಂದು ಕೇಬಲ್ ಬಂದರೆ ಈ ತೊಂದರೆಯಿಲ್ಲ. ಯಾವ ಕೋಣೆಗೆ ಏನು ಹೋಗಬೇಕು ಎಂಬುದನ್ನು ಆ ಪೆಟ್ಟಿಗೆಯ ಮುಂದೆ ನಿಂತು, ಒಂದು ತುದಿ ಬಿಚ್ಚಿ ಇನ್ನೊಂದಕ್ಕೆ ಸಿಕ್ಕಿಸಿ ತೀರ್ಮಾನಿಸಬಹುದು. ಪೆಟ್ಟಿಗೆಯ ಬಳಿ ವಿದ್ಯುತ್ ಸಾಕೆಟ್ ಇರಲಿ. ಪೆಟ್ಟಿಗೆಯನ್ನು ಅಟ್ಟದಲ್ಲಿ ಮಾತ್ರ ಇಡಿಸಬೇಡಿ. ಟೆಕ್ಸಸ್ ಬೇಸಿಗೆಯ ಅಟ್ಟದ ಕಾವಿನಲ್ಲಿ ಯಾವ ಉಪಕರಣವೂ ಹೆಚ್ಚು ಕಾಲ ಬಾಳದು.

ಡಿಶ್ ಎಲ್ಲಿ ಕೂರಬೇಕು ಎಂಬುದೂ ವೈರಿಂಗ್ ಜೊತೆಗೇ ನಿರ್ಧಾರವಾಗಬೇಕು. ಲಿಯಾಂಡರ್‌ನಿಂದ ನೋಡಿದರೆ ಉಪಗ್ರಹ ಟಿವಿ ಕಂಪನಿ ಡೈರೆಕ್ಟಿವಿಯ 101 ಡಿಗ್ರಿ ಪಶ್ಚಿಮ ರೇಖಾಂಶದ ಉಪಗ್ರಹಸ್ಥಾನ ಬಹುತೇಕ ನೇರ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿದೆ. ಡಿಶ್ ಎಂಬ ಇನ್ನೊಂದು ಕಂಪನಿಯ 119 ಡಿಗ್ರಿಯ ಸ್ಥಾನ ನೈಋತ್ಯಕ್ಕೆ, ಸುಮಾರು 47 ಡಿಗ್ರಿ ಎತ್ತರದಲ್ಲಿ. ವಾಸ್ತು ನೋಡಿ ಉತ್ತರ ಅಥವಾ ಪೂರ್ವಕ್ಕೆ ಬಾಗಿಲಿರುವ ಮನೆ ಆರಿಸಿಕೊಂಡವರಿಗೆ ಇಲ್ಲೊಂದು ಲಾಭವಿದೆ: ಅವರ ಹಿತ್ತಿಲು ದಕ್ಷಿಣಕ್ಕೋ ಪಶ್ಚಿಮಕ್ಕೋ ಬೀಳುತ್ತದೆ, ಡಿಶ್ ಬೀದಿಗೆ ಕಾಣದಂತೆ ಹಿಂದೆ ಕೂರಬಹುದು. ಹಿತ್ತಿಲಿನ ಓಕ್ ಮರ ಮುಂದೆ ಎಷ್ಟು ಎತ್ತರಕ್ಕೆ ಬೆಳೆದೀತು ಎಂಬುದನ್ನು ಮಾತ್ರ ಈಗಲೇ ಅಂದಾಜು ಮಾಡಿರಬೇಕು. ಗುಡುಗು, ಸಿಡಿಲು, ಆಲಿಕಲ್ಲು ಈ ಪ್ರದೇಶಕ್ಕೆ ಮಾಮೂಲು. ಆದ್ದರಿಂದ ಅರ್ಥಿಂಗ್‌ನಲ್ಲಿ ಉದಾಸೀನ ಸಲ್ಲದು. ಡಿಶ್ ಮತ್ತು ಒಳಬರುವ ಕೇಬಲ್ ಎರಡೂ ಮನೆಯ ವಿದ್ಯುತ್ ಅರ್ಥಿಂಗ್‌ಗೇ ಸೇರಬೇಕೆಂಬುದು ಅಮೆರಿಕದ ವಿದ್ಯುತ್ ಸಂಹಿತೆಯ ನಿಯಮ. ಬೇರೆ ಸರಳು ಹೂತು ಅದನ್ನು ಮುಖ್ಯ ಅರ್ಥಿಂಗ್‌ಗೆ ಜೋಡಿಸದೆ ಬಿಟ್ಟರೆ ಸಿಡಿಲಿನ ಹೊತ್ತಿನಲ್ಲಿ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಟಿವಿಯ ಮೂಲಕವೇ ಹರಿಯುತ್ತದೆ. ವಿದ್ಯುತ್ ಮೀಟರ್ ಇರುವ ಗೋಡೆಯ ಹತ್ತಿರವೇ ಕೇಬಲ್ ಒಳಬರುವಂತೆ ಮಾಡಿದರೆ ಈ ಕೆಲಸ ಸಲೀಸು.

ಇಷ್ಟಕ್ಕೆ ಮೊದಲ ಆಕ್ಷೇಪ: ಉಪಗ್ರಹ ಟಿವಿಯ ಕಾಲ ಮುಗಿಯಿತಲ್ಲ? ಆಕ್ಷೇಪದಲ್ಲಿ ಹುರುಳಿದೆ. 1994ರಲ್ಲಿ ಶುರುವಾದ ಡೈರೆಕ್ಟಿವಿಯನ್ನು ಎಟಿ ಆ್ಯಂಡ್ ಟಿ 2015ರಲ್ಲಿ ಭಾರಿ ಬೆಲೆಗೆ ಕೊಂಡಿತು, ಆಮೇಲೆ ಗ್ರಾಹಕರು ಕರಗುತ್ತಲೇ ಹೋದರು. 2024ರಲ್ಲಿ ಡೈರೆಕ್ಟಿವಿ ಮತ್ತು ಡಿಶ್ ಒಂದಾಗುವ ಮಾತೂ ಮುರಿದುಬಿತ್ತು. ಭಾರತೀಯ ಭಾಷೆಗಳ ಚಾನೆಲ್ಲುಗಳನ್ನು ಛಾವಣಿಯ ಡಿಶ್‌ನಿಂದ ತೋರಿಸುತ್ತಿದ್ದ ಡಿಶ್ ಕಂಪನಿಯೇ 2015ರಲ್ಲಿ ಸ್ಲಿಂಗ್ ಹೆಸರಿನಲ್ಲಿ ಇಂಟರ್ನೆಟ್ ಟಿವಿಗೆ ಇಳಿಯಿತು. ಆದರೆ ಇದು ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಮೂವತ್ತು ವರ್ಷಗಳಲ್ಲಿ ತಂತ್ರಜ್ಞಾನ ಇಷ್ಟು ಸಲ ಮಗ್ಗುಲು ಬದಲಿಸಿದೆ ಎಂದರೆ ಇಂದಿನದನ್ನು ನಂಬಿ ಗೋಡೆ ಮುಚ್ಚುವುದು ತರವಲ್ಲ. ಛಾವಣಿಯಿಂದ ಪೆಟ್ಟಿಗೆಗೆ ಒಂದು ಪೈಪಿದ್ದರೆ ಇಂದು ಡಿಶ್‌ನ ಕೇಬಲ್, ನಾಳೆ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್‌ನ ತಂತಿ. ಆಸ್ಟಿನ್‌ನ ಸ್ಥಳೀಯ ಚಾನೆಲ್ಲುಗಳನ್ನು ಬಿಟ್ಟಿಯಾಗಿ ಹಿಡಿಯುವ ಆ್ಯಂಟೆನಾಗೂ ಬೇಕಾಗುವುದು ಅದೇ ಆರ್‌ಜಿ-6.

ಎರಡನೆಯದು ವೈಫೈ. ಎಲ್ಲವೂ ಗಾಳಿಯಲ್ಲೇ ಬರುವಾಗ ತಂತಿ ಏಕೆ? ವೈಫೈ ಗಾಳಿಯಲ್ಲಿ ಬರುವುದು ಕೊನೆಯ ಕೆಲವು ಅಡಿ ಮಾತ್ರ; ಅದನ್ನು ಹರಡುವ ಪೆಟ್ಟಿಗೆಗೆ ತಂತಿ ಇದ್ದಷ್ಟೂ ಅದು ಚೆನ್ನಾಗಿ ಹರಡುತ್ತದೆ. ಹಾಗಾಗಿ ಪ್ರತಿ ಪಾಯಿಂಟ್‌ಗೂ ಒಂದು ಆರ್‌ಜಿ-6ರ ಜೊತೆಗೆ ಒಂದು ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಸುವುದು ಜಾಣತನ. ಮೋಕಾ ಎಂಬ ವಿಧಾನದಲ್ಲಿ ಆರ್‌ಜಿ-6ರ ಮೇಲೆಯೇ ಇಂಟರ್ನೆಟ್ ಓಡಿಸಬಹುದು, ಆದರೆ ಅದರ ಸಾಮಾನ್ಯ ಆವರ್ತನ ಉಪಗ್ರಹದ ಆವರ್ತನದ ಮೇಲೆಯೇ ಬೀಳುವುದರಿಂದ ಎರಡನ್ನೂ ಒಂದೇ ಕೇಬಲ್ಲಿಗೆ ಹಾಕಲಾಗದು. ಹೊಸ ಡಿಶ್ ವ್ಯವಸ್ಥೆಗಳಲ್ಲಿ ಛಾವಣಿಯಿಂದ ಒಂದೇ ಕೇಬಲ್ ಬಂದರೆ ಸಾಕು ಎಂಬುದೂ ನಿಜ. ಡಿಶ್ ಕಂಪನಿಯ ಹಾಪರ್ 3 ಎಂಬ ಒಂದೇ ಪೆಟ್ಟಿಗೆಯಲ್ಲಿ, ಏಕಕಾಲಕ್ಕೆ ಹಲವು ಚಾನೆಲ್ ಹಿಡಿಯುವ 16 ಟ್ಯೂನರ್‌ಗಳಿವೆ. ಆದರೂ ಆ ಮುಖ್ಯ ಪೆಟ್ಟಿಗೆಯಿಂದ ಕೋಣೆಗಳ ಚಿಕ್ಕ ಪೆಟ್ಟಿಗೆಗಳಿಗೆ ಚಿತ್ರ ಹೋಗಲು ನೆಚ್ಚಬಹುದಾದ ದಾರಿ ಗೋಡೆಯೊಳಗಿನ ಕೇಬಲ್ಲೇ.

ಮೂರನೆಯ ಆಕ್ಷೇಪ ಬಡಾವಣೆಯ ಮನೆಮಾಲೀಕರ ಸಂಘದ್ದು. ಡಿಶ್‌ಗೆ ಅವರು ಬಿಡುವುದಿಲ್ಲ ಎಂಬ ಭಯ ವ್ಯಾಪಕ. ಒಂದು ಮೀಟರ್ ಅಥವಾ ಅದಕ್ಕಿಂತ ಚಿಕ್ಕ ಡಿಶ್ ಅನ್ನು ಸ್ವಂತ ಜಾಗದಲ್ಲಿ ಹಾಕುವುದನ್ನು ಸಂಘ ತಡೆಯುವಂತಿಲ್ಲ ಎಂದು 1996ರಲ್ಲೇ ಅಮೆರಿಕದ ಸಂವಹನ ಆಯೋಗ ನಿಯಮ ಮಾಡಿದೆ. ಸಿಗ್ನಲ್ ಕೆಡದೆ, ಖರ್ಚು ವಿಪರೀತವಾಗದೆ ಸಿಗುವ ಜಾಗವಿದ್ದರೆ ಅಲ್ಲೇ ಹಾಕಿ ಎಂದು ಸಂಘ ಕೇಳಬಹುದು. ಕೇಬಲ್ ಮೊದಲೇ ಹಿತ್ತಿಲ ಗೋಡೆಗೆ ಬಂದು ನಿಂತಿದ್ದರೆ ಜಗಳಕ್ಕೆ ಕಾರಣವೇ ಇರದು. ಇನ್ನು ಖರ್ಚು. ಪ್ರತಿ ಹೆಚ್ಚುವರಿ ಪಾಯಿಂಟ್‌ಗೂ ಬಿಲ್ಡರ್ ಹಣ ಕೇಳುತ್ತಾರೆ, ನಿಜ. ಎಲ್ಲ ಕೋಣೆಗೂ ಪೈಪು ಹಾಕಿಸಲು ಕೈ ಸಾಲದಿದ್ದರೆ ಮೂರು ಜಾಗ ಸಾಕು: ಅಟ್ಟದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಹಾಲ್‌ನ ಟಿವಿ ಗೋಡೆಗೆ, ಪೆಟ್ಟಿಗೆಯಿಂದ ಹೊರಗಿನ ಮೀಟರ್ ಗೋಡೆಗೆ. ಕಿತ್ತಳೆ ಬಣ್ಣದ, ಬಾಗುವ ಪ್ಲಾಸ್ಟಿಕ್ ಪೈಪು ದುಬಾರಿಯಲ್ಲ. ಒಂದೂಕಾಲು ಇಂಚಿನದಾದರೆ ಒಳ್ಳೆಯದು, ಒಳಗೊಂದು ದಾರ ಬಿಟ್ಟಿರಲಿ.

ಶೀಟ್‌ರಾಕ್ ಹೊಡೆಯುವ ಮೊದಲು ಬಿಲ್ಡರ್ ಒಮ್ಮೆ ಮನೆ ತೋರಿಸಲು ಕರೆಯುತ್ತಾರೆ. ಅಂದು ನಕ್ಷೆಯ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು ಹೋಗಿ. ಪ್ರತಿ ಪಾಯಿಂಟ್‌ನ ಕೇಬಲ್ ಪೆಟ್ಟಿಗೆಗೇ ಬಂದಿದೆಯೇ, ಎರಡೂ ತುದಿಗೆ ಕೋಣೆಯ ಹೆಸರು ಬರೆದಿದೆಯೇ, ಎಲ್ಲಿಯಾದರೂ ಕ್ಲಿಪ್ಪು ಕೇಬಲ್ಲನ್ನು ಜಜ್ಜಿದೆಯೇ, ತಿರುವಿನಲ್ಲಿ ಮಡಚಿದೆಯೇ ನೋಡಿ. ಟಿವಿ ಗೋಡೆಗೆ ಏರುವಲ್ಲಿ ಪಾಯಿಂಟ್ ನೆಲದ ಬಳಿ ಅಲ್ಲ, ಪರದೆಯ ಹಿಂದಿರಬೇಕು. ಆಮೇಲೆ ಅಳತೆ ಟೇಪು ಗೋಡೆಗೆ ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದು, ಮನೆಯ ಕ್ರಯಪತ್ರದ ಜೊತೆಗೇ ಇಟ್ಟುಕೊಳ್ಳಿ. ಮುಂದೆ ಯಾವ ಕೆಲಸದವರು ಬಂದರೂ ಮೊದಲು ಕೇಳುವುದು ಕೇಬಲ್ ಎಲ್ಲಿ ಹೋಗಿದೆ ಎಂದೇ.