ಆರನೆಯ ವರ್ಣತಂತುವಿನ ಸುಳಿವು

ಮನಸ್ಸಿನ ವಿಕಾರಗಳಿಗೂ ಶರೀರದ ಉರಿಯೂತಕ್ಕೂ ಏನೋ ನಂಟಿರಬೇಕೆಂಬ ಶಂಕೆ ವೈದ್ಯಲೋಕಕ್ಕೆ ಹೊಸತಲ್ಲ. 1918ರ ಇನ್‌ಫ್ಲುಯೆನ್ಜಾ ಮಹಾಮಾರಿಯ ತರುವಾಯ, ಜ್ವರದಿಂದ ಎದ್ದ ಕೆಲವರಲ್ಲಿ ಭ್ರಾಂತಿಯೂ ಚಿತ್ತವಿಕಾರವೂ ತಲೆದೋರಿದುದನ್ನು ಅಮೆರಿಕದ ಮನೋವೈದ್ಯ ಕಾರ್ಲ್ ಮೆನಿಂಗರ್ ಮರುವರ್ಷವೇ ಬರೆದಿಟ್ಟರು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗವುಳ್ಳವರ ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ದ್ರವ್ಯಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆಂಬುದೂ ಅನೇಕ ಪರೀಕ್ಷೆಗಳಿಂದ ತಿಳಿದುಬಂದಿದೆ. ಆದರೆ ಧೂಮಪಾನದಿಂದಲೂ ಸ್ಥೂಲಕಾಯದಿಂದಲೂ ಅದೇ ದ್ರವ್ಯಗಳು ಏರುವುದರಿಂದ, ಇವುಗಳಲ್ಲಿ ಕಾರಣವಾವುದು, ಕಾರ್ಯವಾವುದು ಎಂದು ರಕ್ತಪರೀಕ್ಷೆಯೊಂದರಿಂದಲೇ ನಿರ್ಣಯಿಸುವುದು ಸಾಧ್ಯವಿಲ್ಲ. ಜೀನಿನ ಸಾಕ್ಷ್ಯಕ್ಕೆ ವಿಶೇಷ ಬೆಲೆ ಬಂದುದು ಇಲ್ಲಿಯೇ. ಗರ್ಭ ನಿಂತ ಕ್ಷಣದಲ್ಲಿಯೇ ನಿಶ್ಚಿತವಾಗಿಬಿಡುವ ಜೀನನ್ನು, ಇಪ್ಪತ್ತು ವರ್ಷಗಳ ಮೇಲೆ ಬರುವ ರೋಗವಾಗಲಿ ಅದರ ಔಷಧವಾಗಲಿ ಬದಲಿಸಲಾರದಷ್ಟೆ.

ಈ ಸಾಕ್ಷ್ಯವನ್ನರಸಿ ಹೊರಟವರಿಗೆ 2009ರಲ್ಲಿ ಆರನೆಯ ವರ್ಣತಂತುವಿನ ಒಂದು ಭಾಗದಲ್ಲಿ ಸ್ಪಷ್ಟವಾದ ಸುಳಿವು ದೊರೆಯಿತು. 2014ರಲ್ಲಿ, ಸುಮಾರು 37,000 ರೋಗಿಗಳನ್ನು ಒಂದು ಲಕ್ಷಕ್ಕೂ ಮಿಕ್ಕ ಇತರರೊಡನೆ ಹೋಲಿಸಿದ ಅಂತರರಾಷ್ಟ್ರೀಯ ಅಧ್ಯಯನವು ರೋಗಸಂಬಂಧವುಳ್ಳ 108 ಸ್ಥಾನಗಳನ್ನು ಗುರುತಿಸಿದಾಗ, ಎಲ್ಲಕ್ಕಿಂತ ಬಲವಾಗಿ ನಿಂತುದು ಅದೇ ಭಾಗ. ಮೂತ್ರಪಿಂಡವನ್ನು ಕಸಿ ಮಾಡುವ ಮುನ್ನ ದಾನಿಗೂ ರೋಗಿಗೂ ಹೊಂದಿಕೆಯಾಗುವುದೆ ಎಂದು ವೈದ್ಯರು ನೋಡುವ ಜೀನುಗಳಿರುವುದೂ ಅಲ್ಲಿಯೇ. ರೋಗನಿರೋಧಶಕ್ತಿಯ ಕೇಂದ್ರಸ್ಥಾನವೆನ್ನಬಹುದಾದ ಆ ಎಡೆಯಲ್ಲಿ ಮನೋರೋಗದ ಬೇರೊಂದು ಕಾಣಿಸಿಕೊಂಡದ್ದು ಅನೇಕರಿಗೆ ಸೋಜಿಗವನ್ನೇ ಉಂಟುಮಾಡಿತು.

ಆದರೆ ಅಲ್ಲಿ ಜೀನುಗಳು ಒತ್ತಾಗಿ ನೆರೆದಿವೆ, ಅಪರಾಧಿ ಯಾವುದು? 2016ರಲ್ಲಿ ಅಮೆರಿಕದ ಸ್ಟೀವನ್ ಮೆಕ್ಯಾರಲ್, ಬೆತ್ ಸ್ಟೀವನ್ಸ್, ಮೈಕೇಲ್ ಕ್ಯಾರಲ್ ಮೊದಲಾದವರು ಕೈಯಿಟ್ಟು ತೋರಿಸಿದುದು ‘ಸಿ4’ ಎಂಬ ಜೀನನ್ನು. ಸೂಕ್ಷ್ಮಜೀವಿಗಳ ಮೇಲೆಯೂ ಸತ್ತ ಕೋಶಗಳ ಮೇಲೆಯೂ ಗುರುತು ಹಚ್ಚಿ, ಭಕ್ಷಕಕೋಶಗಳು ಅವನ್ನು ನುಂಗಿಹಾಕುವಂತೆ ಮಾಡುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಮೂಹಕ್ಕೆ ಸೇರಿದ ಈ ಸಿ4, ಕೆಲವರಲ್ಲಿ ಕಡಿಮೆ ಪ್ರತಿಗಳಾಗಿ, ಕೆಲವರಲ್ಲಿ ಹೆಚ್ಚು ಪ್ರತಿಗಳಾಗಿ ಇರುತ್ತದೆ. ಅದರಲ್ಲಿ ‘ಎ’ ಪ್ರಕಾರದ್ದು ಮಿದುಳಿನಲ್ಲಿ ಹೆಚ್ಚು ಉತ್ಪತ್ತಿಯಾಗುವಂತಹ ರಚನೆಯುಳ್ಳವರಿಗೆ ಸ್ಕಿಜೋಫ್ರೇನಿಯಾದ ಸಂಭವವೂ ಹೆಚ್ಚೆಂದು ಕಂಡುಬಂದಿತು.

ಮಿದುಳಿನಲ್ಲಿ ಇದಕ್ಕೇನು ಕೆಲಸ? ಎಳೆಯ ಮಿದುಳು ತನಗೆ ಬೇಕಾದುದಕ್ಕಿಂತ ಹೆಚ್ಚು ನರಸಂಧಿಗಳನ್ನು ಕಟ್ಟಿಕೊಂಡು, ಹರೆಯದಲ್ಲಿ ಅವುಗಳನ್ನು, ತೋಟಗಾರನು ದ್ರಾಕ್ಷಿಬಳ್ಳಿಯ ಕುಡಿಗಳನ್ನು ಸವರುವಂತೆ, ಸವರಿ ಕಡಿಮೆ ಮಾಡುತ್ತದೆ. ಈ ಸವರಿಕೆ ಮಿತಿಮೀರುವುದರಿಂದ ಸ್ಕಿಜೋಫ್ರೇನಿಯಾ ಉಂಟಾಗಬಹುದೆಂದು ಅರ್ವಿನ್ ಫೈನ್‌ಬರ್ಗ್ ಎಂಬವರು 1982ರಲ್ಲಿಯೇ ಊಹಿಸಿದ್ದರು. ರೋಗವು ಬಹುಮಟ್ಟಿಗೆ ಹದಿಹರೆಯದ ಕೊನೆಯಲ್ಲಿ ಅಥವಾ ಯೌವನದ ಆರಂಭದಲ್ಲಿ ತೋರುವುದು ಆ ಊಹೆಗೆ ಒಪ್ಪುವಂತಿತ್ತು. ಸಿ4 ಇಲ್ಲದ ಇಲಿಗಳಲ್ಲಿ ಸವರಿಕೆ ಕುಂದಿದುದನ್ನು ಮೇಲೆ ಹೇಳಿದ ಸಂಶೋಧಕರು ಕಂಡರು. ಹೊರಗಿನ ಶತ್ರುವಿಗೆಂದು ಇರುವ ಗುರುತನ್ನೇ ನರಸಂಧಿಗೂ ಹಚ್ಚಿ, ಮಿದುಳಿನ ಸ್ವಂತ ಭಕ್ಷಕಕೋಶಗಳಾದ ಮೈಕ್ರೋಗ್ಲಿಯಾಗಳಿಗೆ ಅದನ್ನು ಒಪ್ಪಿಸುವುದೇ ಇಲ್ಲಿನ ಕ್ರಮವೆಂದು ತೋರುತ್ತದೆ.

ಹಾಗೆಂದ ಮಾತ್ರಕ್ಕೆ ‘ಉರಿಯೂತವೇ ಹುಚ್ಚಿಗೆ ಮೂಲ’ ಎಂದು ಘೋಷಿಸಿಬಿಡುವವರ ಆತುರವನ್ನು ನಾನು ಒಪ್ಪಲಾರೆ. ಸಿ4ನ ಕಥೆ ಮಿದುಳಿನ ರಚನಾಕಾರ್ಯದ ಕಥೆಯೇ ಹೊರತು, ರಕ್ತ ಕುದಿಯುವ ಕಥೆಯಲ್ಲ. ಉರಿಯೂತದ ಪ್ರಸಿದ್ಧ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನನ್ನು ಆಜೀವವಾಗಿ ಅಧಿಕಗೊಳಿಸುವ ಜೀನುಗಳುಳ್ಳವರಲ್ಲಿ ಈ ರೋಗದ ಸಂಭವ ಹೆಚ್ಚಾಗುವ ಬದಲು ತುಸು ಕಡಿಮೆಯೇ ಆಗಿರುವಂತೆ ಕಂಡಿದೆ. ಇನ್ನೊಂದು ಕಡೆ, ಇಂಗ್ಲೆಂಡಿನ ಬ್ರಿಸ್ಟಲ್ ಪ್ರಾಂತದ ಮಕ್ಕಳಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಉರಿಯೂತದ ಸೂಚಕ ಅಧಿಕವಾಗಿದ್ದವರಿಗೆ ಹದಿನೆಂಟರಲ್ಲಿ ಖಿನ್ನತೆಯೂ ಭ್ರಾಂತಿಯೂ ಹೆಚ್ಚಾಗಿ ಕಂಡವೆಂದು 2014ರ ವರದಿ ಹೇಳುತ್ತದೆ. ಇನ್ನೂ ವಿಚಿತ್ರವೆಂದರೆ, 2020ರಲ್ಲಿ ತಿಳಿದುಬಂದಂತೆ, ಸ್ಕಿಜೋಫ್ರೇನಿಯಾದ ಕಡೆಗೆ ತಳ್ಳುವ ಸಿ4 ರಚನೆಗಳೇ, ದೇಹವು ತನ್ನನ್ನೇ ಹಣಿಯುವ ಲೂಪಸ್ ಎಂಬ ರೋಗದಿಂದ ರಕ್ಷಣೆಯನ್ನೂ ಕೊಡುತ್ತವೆ. ಎರಡು ಪರಿಣಾಮಗಳೂ ಗಂಡಸರಲ್ಲಿಯೇ ಪ್ರಬಲ. ಹೀಗಿರುವಾಗ ಆ ಜೀನನ್ನು ಕೆಟ್ಟದೆನ್ನುವುದು ಹೇಗೆ?

ಪರಿಣಾಮದ ಪ್ರಮಾಣವೂ ಅಲ್ಪವೇ. ನೂರರಲ್ಲಿ ಒಬ್ಬರಿಗೂ ಕಡಿಮೆ ಜನಕ್ಕೆ ಬರುವ ರೋಗದ ಸಂಭವವನ್ನು ಅತ್ಯಂತ ಅಪಾಯದ ಸಿ4 ರಚನೆ ಹೆಚ್ಚಿಸುವುದು ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ. ಈವರೆಗಿನ ಲೆಕ್ಕಗಳೆಲ್ಲ ಬಹುಪಾಲು ಯೂರೋಪಿನ ಸಂತತಿಯವರಿಂದ ಬಂದವು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿದ್ವಾಂಸರು, ಹಲವರಿಗೆ ತೀವ್ರ ಮನೋರೋಗ ಬಂದ ನಮ್ಮ ಕಡೆಯ ಮನೆತನಗಳಲ್ಲಿ ಜೀನುಗಳನ್ನು ಅಭ್ಯಸಿಸುತ್ತಿರುವುದು ಈ ಕಾರಣದಿಂದ ಸ್ವಾಗತಾರ್ಹ. ಸಿ4ನ್ನು ಅಳೆದು ಯಾರಿಗೆ ಈ ರೋಗ ಬಂದೀತೆಂದು ಹೇಳುವ ಪರೀಕ್ಷೆ ಯಾವ ಚಿಕಿತ್ಸಾಲಯದಲ್ಲಿಯೂ ಇಲ್ಲ. ಉರಿಯೂತ ತಗ್ಗಿಸುವ ಮದ್ದುಗಳನ್ನು ಜೊತೆಗೆ ಕೊಟ್ಟು ನೋಡಿದ ಪ್ರಯೋಗಗಳ ಫಲವೂ ಒಂದೇ ತೆರನಾಗಿಲ್ಲ. ಆದುದರಿಂದ ಮನೆಯಲ್ಲಿ ಇಂಥ ರೋಗಿಯುಳ್ಳವರು, ಪತ್ರಿಕೆಯಲ್ಲಿ ಓದಿದ ಸುದ್ದಿಯನ್ನು ನಂಬಿ, ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸದಿರಬೇಕೆಂದು ಬೇಡಿಕೊಳ್ಳುತ್ತೇನೆ. ಈ ಲೇಖನವೂ ಅಂಥ ಸುದ್ದಿಗೆ ಹೊರತಲ್ಲ.