ಕಾರವಾರದ ಬಂದರೂ ಕಡಲ ಜೀವಿಗಳೂ

ಸಮುದ್ರತೀರದ ಊರುಗಳೆಲ್ಲವೂ ಬಂದರುಗಳಾಗಲಾರವು. ಹಡಗು ನಿಲ್ಲಬೇಕಾದರೆ ಗಾಳಿ ಅಲೆಗಳಿಂದ ಮರೆ ಬೇಕು. ಕಾರವಾರಕ್ಕೆ ಈ ಮರೆಯನ್ನು ನಿಸರ್ಗವೇ ಒದಗಿಸಿದೆ. ದಕ್ಷಿಣಕ್ಕೆ ಬೈತಖೋಲದ ಗುಡ್ಡ, ಉತ್ತರಕ್ಕೆ ಕಾಳೀನದಿಯ ಮುಖ, ಅದರಾಚೆ ಸದಾಶಿವಗಡ, ಪಶ್ಚಿಮದ ಕಡಲಿನಲ್ಲಿ ದೇವಗಡ, ಕೂರ್ಮಗಡ ಮೊದಲಾದ ದ್ವೀಪಗಳು. ಇವುಗಳ ನಡುವಣ ಶಾಂತಜಲವೇ ಈ ನಗರದ ಚರಿತ್ರೆಗೆ ಮೂಲ.

ಇಂಗ್ಲಿಷರು 1638ರಲ್ಲಿಯೇ ಈ ಪ್ರದೇಶದಲ್ಲಿ ವ್ಯಾಪಾರದ ಕೋಠಿಯನ್ನು ತೆರೆದರು. ಕರಿಮೆಣಸು ಅವರನ್ನು ಸೆಳೆದ ಮುಖ್ಯ ಸರಕುಗಳಲ್ಲೊಂದು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ ತರುವಾಯ ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. ಅದೇ ಸಮಯದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ನಮ್ಮ ಹತ್ತಿಗೆ ಬೇಡಿಕೆ ಹೆಚ್ಚಲು, ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಇಲ್ಲಿ ಹಡಗನ್ನೇರಿತು. ಆದರೆ ರೈಲು ಮೊದಲು ತಲಪಿದುದು ಗೋವೆಯ ಮಾರ್ಮಗೋವಾ ಬಂದರಿಗೆ. ಕಾರವಾರದ ವ್ಯಾಪಾರ ಕುಗ್ಗಿತು. 1883ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿ ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದರು. ಅವರ ಹೆಸರನ್ನೇ ಇಂದು ಇಲ್ಲಿಯ ಕಡಲತೀರ ಹೊತ್ತಿದೆ.

ಹಡಗಿಗೆ ಅನುಕೂಲವಾದ ಮರೆಯೇ ಜಲಚರಗಳಿಗೂ ಅನುಕೂಲ. ಕಾಳಿಯ ಸಿಹಿನೀರೂ ಕಡಲ ಉಪ್ಪುನೀರೂ ಬೆರೆಯುವ ಅಳಿವೆಯಲ್ಲಿ ಚಿಪ್ಪಿಕಲ್ಲು, ಏಡಿ, ಸಿಗಡಿಗಳು ಬೆಳೆಯುತ್ತವೆ. ಇಳಿತದ ವೇಳೆಗೆ ಹೋದವರು, ಮಹಿಳೆಯರು ಕೆಸರಿನಿಂದ ಚಿಪ್ಪಿಯನ್ನು ಆರಿಸುವುದನ್ನು ಕಾಣಬಹುದು. ಮಳೆಗಾಲ ಕಳೆದ ಮೇಲೆ ಬಂಗುಡೆಯ ಹಿಂಡುಗಳು ದಡದ ಸಮೀಪಕ್ಕೆ ಬರುತ್ತವೆ. ಹಿಂದೆ ಇವನ್ನು ರಾಂಪಣಿ ಬಲೆಯಿಂದ ಹಿಡಿಯುತ್ತಿದ್ದರು. ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರವಾಗಿ ಬಿಟ್ಟ ಈ ದೊಡ್ಡ ಬಲೆಯ ಎರಡು ತುದಿಗಳನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುವರು. ಬಂದ ಮೀನನ್ನು ಹಂಚಿಕೊಳ್ಳುವರು. 1970ರ ದಶಕದ ಕೊನೆಗೆ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದು ಹಿಂಡುಗಳನ್ನು ದಡ ಸೇರುವ ಮೊದಲೇ ಸುತ್ತುವರಿಯಿತು. ರಾಂಪಣಿ ಹಿಂದೆ ಸರಿಯಿತು.

ರಾಂಪಣಿಗಾಗಲಿ, ಸಣ್ಣ ದೋಣಿಗಾಗಲಿ ತೆರೆದ ಮರಳದಂಡೆ ಬೇಕು. 2020ರ ಜನವರಿಯಲ್ಲಿ ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದುದರ ಅರ್ಥ ಇದರಿಂದ ತಿಳಿಯುತ್ತದೆ. ನಮಗೆ ಆ ದಂಡೆ ವಿಹಾರಸ್ಥಾನ, ಅವರಿಗೆ ಹೊಲವಿದ್ದಂತೆ. ಬಂದರು ಬೆಳೆದರೆ ನಾಡಿಗೆ ವ್ಯಾಪಾರವುಂಟು, ನಿಜ. ಆದರೆ ವ್ಯಾಪಾರವು ಒಮ್ಮೆ ಬೇರೆ ದಾರಿ ಹಿಡಿದುದನ್ನು ಈ ಊರು ಕಂಡಿದೆ. ಮೀನು ಮಾತ್ರ ವರ್ಷವರ್ಷವೂ ಬಂದು ಇಲ್ಲಿಯ ಜನರನ್ನು ಸಾಕಿದೆ. ಕಾರವಾರಕ್ಕೆ ಪ್ರವಾಸ ಹೋಗುವ ನಮ್ಮ ವಿದ್ಯಾರ್ಥಿಮಿತ್ರರು ಸೂರ್ಯಾಸ್ತವನ್ನು ನೋಡಲಿ. ಮರುದಿನ ಬೆಳಗ್ಗೆ ದೋಣಿಗಳು ದಡ ಸೇರುವುದನ್ನೂ ತಪ್ಪದೆ ನೋಡಲಿ.