ಹಗ್ಗ ನಿಲ್ಲುವುದಿಲ್ಲ, ಹತ್ತುವುದು ಹೇಗೆ?

ಎಸ್ಕಲೇಟರ್ ಕಂಡರೆ ನನ್ನ ನಾನಿ ಲಿಫ್ಟ್ ಹುಡುಕುತ್ತಾರೆ. ಓಡುತ್ತಿರುವುದರ ಮೇಲೆ ಕಾಲಿಡುವುದು ಹೇಗೆ ಎನ್ನುವುದು ಅವರ ಭಯ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿರುವ ಸ್ಕೈಲೈನರ್ ಕೇಬಲ್ ಕಾರಿನ ಬಗ್ಗೆ ಓದುವಾಗ ನನಗೂ ಅದೇ ಪ್ರಶ್ನೆ ಬಂತು.

2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಇದು ನಾಲ್ಕು ಹೋಟೆಲುಗಳನ್ನು ಎರಡು ಪಾರ್ಕುಗಳಿಗೆ ಜೋಡಿಸುತ್ತದೆ. ಹತ್ತು ಜನ ಕೂರುವ ಕ್ಯಾಬಿನ್ನಿನಲ್ಲಿ ಚಾಲಕನಿಲ್ಲ, ಎಂಜಿನ್ ಕೂಡ ಇಲ್ಲ. ನಿಲ್ದಾಣದಲ್ಲಿರುವ ಮೋಟಾರು ದೊಡ್ಡ ಚಕ್ರವೊಂದನ್ನು ತಿರುಗಿಸಿ ಉಕ್ಕಿನ ಹಗ್ಗವನ್ನು ಎಳೆಯುತ್ತಲೇ ಇರುತ್ತದೆ. ಗುಟ್ಟು ಇರುವುದು ಕ್ಯಾಬಿನ್ನಿನ ತಲೆಯ ಮೇಲಿನ ಸ್ಪ್ರಿಂಗ್ ಹಿಡಿಕೆಯಲ್ಲಿ. ನಿಲ್ದಾಣಕ್ಕೆ ಬಂದೊಡನೆ ಅದು ಹಗ್ಗವನ್ನು ಬಿಟ್ಟುಬಿಡುತ್ತದೆ. ಮೇಲೆ ಸಾಲಾಗಿ ತಿರುಗುವ ರಬ್ಬರ್ ಟೈರುಗಳು ಕ್ಯಾಬಿನ್ನಿನ ವೇಗ ತಗ್ಗಿಸುತ್ತವೆ. ಜನ ಹತ್ತಿದ ಮೇಲೆ ಅವೇ ಟೈರುಗಳು ಅದನ್ನು ಹಗ್ಗದ ವೇಗಕ್ಕೆ ತರುತ್ತವೆ, ಹಿಡಿಕೆ ಮತ್ತೆ ಹಗ್ಗವನ್ನು ಕಚ್ಚುತ್ತದೆ. ಇನ್ನು ಗಾಲಿಕುರ್ಚಿಯಲ್ಲಿ ಬಂದವರಿಗಾಗಿ ನಿಲ್ದಾಣಗಳಲ್ಲಿ ಬೇರೆಯೇ ಹಳಿ ಇದೆ. ಅಲ್ಲಿ ಕ್ಯಾಬಿನ್ ಪೂರ್ತಿ ನಿಲ್ಲುತ್ತದೆ, ಉಳಿದವರ ಸಾಲು ಮಾತ್ರ ಸಾಗುತ್ತಿರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

“ಆ ನಿಲ್ಲುವ ಡಬ್ಬಿಯಾದರೆ ಬರುತ್ತೇನೆ” ಎಂದರು ನಾನಿ.

ಆರಂಭವಾದ ಮೊದಲ ವಾರದಲ್ಲೇ ಒಂದು ರಾತ್ರಿ ನಿಲ್ದಾಣದಲ್ಲಿ ಕ್ಯಾಬಿನ್‌ಗಳು ಒಂದಕ್ಕೊಂದು ತಾಗಿ, ಎಸಿಯೂ ಇಲ್ಲದ ಡಬ್ಬಿಗಳಲ್ಲಿ ಜನ ಗಂಟೆಗಟ್ಟಲೆ ತೂಗಾಡಬೇಕಾಯಿತು. ಇದನ್ನು ಅವರಿಗೆ ಇನ್ನೂ ಹೇಳಿಲ್ಲ.